ಅತ್ತಿಗೆಗೆ ಎರಡೇ ಸಲಕ್ಕೆ ಬಿಟ್ಟುಹೋದ ಕತ್ತು ನೋವು ನನಗೆ ಯಾಕೆ ಬಿಡಲಿಲ್ಲ

ಹೋದ ಯುಗಾದಿ ಹತ್ತಿರ ನಮ್ಮ ಅತ್ತಿಗೆಗೆ ಕತ್ತು ಹಿಡ್ಕೊಂಡಿತ್ತು. ಹಬ್ಬಕ್ಕೆ ಮನೆ ಧೂಳು ಹೊಡೀವಾಗ ಅಟ್ಟದಿಂದ ಏನೋ ಎಳೆದ್ರಂತೆ, ಮೂರು ವಾರ ಒದ್ದಾಡಿದ್ರು, ಆಮೇಲೆ ಹಾಸನದಲ್ಲಿ ಅವರ ಮನೆ ಹತ್ರನೇ ಇರೋ ಒಬ್ಬ ಫಿಸಿಯೋಥೆರಪಿಸ್ಟ್ ಬೆನ್ನಿನ ಮೇಲ್ಭಾಗ ಒತ್ತಿ ಟಕ್ ಅನ್ಸಿ, ಕತ್ತನ್ನ ಕೈಯಲ್ಲೇ ಆಡಿಸಿ ಕಳಿಸಿದ್ರು. ಎರಡೇ ಸಲ. ಮೂರನೇ ಸಲ ಹೋಗೋ ಅವಶ್ಯಕತೆನೇ ಬೀಳಲಿಲ್ಲ. ಆಗ ನನಗೆ ಕತ್ತು ನೋವು ಶುರುವಾಗಿ ಏಳೆಂಟು ತಿಂಗಳಾಗಿತ್ತು. ಅತ್ತಿಗೆ ಫೋನ್ ಮಾಡಿ "ಸುಮ್ನೆ ಮಾತ್ರೆ ನುಂಗ್ಕೊಂಡು ಕೂತಿದ್ದೀಯಲ್ಲ, ಕೈಯಲ್ಲಿ ಮಾಡಿಸ್ಕೋ, ಎರಡೇ ದಿನಕ್ಕೆ ಹೋಗುತ್ತೆ ನೋಡು" ಅಂದ್ರು. ಆ ಮಾತು ನಂಬ್ಕೊಂಡು ಹೋದೆ. ನನಗೆ 12 ಸಲ ಮಾಡಿಸಿದ್ರೂ ಹೋಗಲಿಲ್ಲ, ಇನ್ನೂ ಜಾಸ್ತಿನೇ ಆಯ್ತು. ಈಗ ಒಂದೂವರೆ ವರ್ಷ ಆದ್ಮೇಲೆ ಪರವಾಗಿಲ್ಲ ಅನ್ನೋ ಮಟ್ಟಕ್ಕೆ ಬಂದಿದೆ. ಇದೇ ದಾರಿಲಿ ಇರೋರಿಗೆ ನನ್ನಷ್ಟು ದುಡ್ಡು, ನನ್ನಷ್ಟು ಭಯ ಖರ್ಚಾಗಬಾರದು ಅಂತ ಬರೀತಿದ್ದೀನಿ.

ನನ್ನ ಕೆಲಸ ಡಿಟಿಪಿ. ಮೈಸೂರಲ್ಲಿ ಚಿಕ್ಕ ಅಂಗಡಿ, 19 ವರ್ಷದಿಂದ ಟೈಪಿಂಗೇ. ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ, ಕೋರ್ಟ್ ಅರ್ಜಿ, ಎಲ್ಲಕ್ಕಿಂತ ಹೆಚ್ಚಾಗಿ ಪಿಎಚ್‌ಡಿ ಪ್ರಬಂಧಗಳು. ಕೈಬರಹದ ಹಾಳೆಗಳನ್ನ ಎಡಗಡೆ ಮೇಜಿನ ಮೇಲೆ ಮಲಗಿಸಿ ಇಟ್ಕೊಂಡು, ಅದನ್ನ ನೋಡೋದು, ಪರದೆ ನೋಡೋದು, ಮತ್ತೆ ಹಾಳೆ ನೋಡೋದು, ಹೀಗೆ ದಿನಕ್ಕೆ ಎಂಟೊಂಬತ್ತು ಗಂಟೆ. ಒಂದು ಆಗಸ್ಟಲ್ಲಿ ಎರಡು ಪ್ರಬಂಧ ಒಟ್ಟಿಗೆ ಬಂದ್ವು, ಆವಾಗ ಶುರುವಾಗಿದ್ದು. ಮೊದಲು ಕತ್ತಿನ ಎಡಗಡೆ ಬಿಗಿತ, ಆಮೇಲೆ ರೆಕ್ಕೆ ಮೂಳೆ ಒಳಗಡೆ ಯಾರೋ ಬೆರಳಿಟ್ಟು ಒತ್ತಿದ ಹಾಗೆ. ಉಪ್ಪಿನ ಶಾಖ ಕೊಟ್ಟೆ, ಎಣ್ಣೆ ನೀವಿಸ್ಕೊಂಡೆ, ದಿಂಬು ಬಿಟ್ಟು ಮಲಗಿದೆ.

ಮೊದಲು ನಮ್ಮ ಏರಿಯಾ ಡಾಕ್ಟರ್ ಹತ್ರ ಹೋದೆ, ನೋವಿನ ಮಾತ್ರೆ ಹತ್ತು ದಿನ, ನುಂಗೋವರೆಗೂ ಚೆನ್ನಾಗಿತ್ತು. ನವೆಂಬರಲ್ಲಿ ಮೂಳೆ ಡಾಕ್ಟರ್. ಎಕ್ಸ್‌ರೇ ತೆಗೆಸಿದ್ರು, "ಸ್ವಲ್ಪ ಸವೆದಿದೆ, ಸ್ಪಾಂಡಿಲೋಸಿಸ್" ಅಂದ್ರು, ಬೆಲ್ಟ್ ಬರೆದುಕೊಟ್ರು. ಆ "ಸವೆದಿದೆ" ಅನ್ನೋ ಒಂದು ಪದ ನನಗೆ ಮಾಡಿದ ಕೆಡುಕು ಅಷ್ಟಿಷ್ಟಲ್ಲ. 43 ವರ್ಷಕ್ಕೇ ಮೂಳೆ ಸವೆದಿದೆ ಅಂದ್ರೆ ಇನ್ನು ಮುಂದೆ ಹೇಗೆ ಅಂತ ಯೋಚನೆ ಹತ್ತಿತು. ಕತ್ತು ತಿರುಗಿಸಿದ್ರೆ ಇನ್ನೂ ಸವೆಯುತ್ತೆ ಅಂತ ಅನ್ಸೋಕೆ ಶುರುವಾಗಿ, ಯಾರಾದ್ರೂ ಪಕ್ಕದಿಂದ ಕರೆದ್ರೆ ಇಡೀ ಮೈನೇ ತಿರುಗಿಸ್ತಿದ್ದೆ. ಬೆಲ್ಟ್ ಎರಡು ತಿಂಗಳು ಬಿಡದೆ ಹಾಕಿದ್ದೆ.

ಆಮೇಲೆ ಅತ್ತಿಗೆ ಕಥೆ ಕೇಳಿ ಮೇ ತಿಂಗಳಲ್ಲಿ ಮನೆ ಹತ್ರ ಇರೋ ಒಂದು ಸೆಂಟರಿಗೆ ಸೇರಿದೆ. ಬಾಗಿಲಲ್ಲೇ ಪ್ಯಾಕೇಜ್ ಹೇಳಿದ್ರು, 12 ಸಿಟ್ಟಿಂಗ್, 7,200 ರೂಪಾಯಿ, ಮೊದಲೇ ಕಟ್ಟಬೇಕು. ಎಷ್ಟು ದಿನದಿಂದ ನೋವು, ಕೈಗೆ ಇಳಿಯುತ್ತಾ, ತಲೆ ಸುತ್ತುತ್ತಾ, ಬಿಪಿ ಇದೆಯಾ, ಒಂದೂ ಕೇಳಲಿಲ್ಲ. ಎಕ್ಸ್‌ರೇನ ಬೆಳಕಿಗೆ ಹಿಡಿದು ನೋಡಿದ್ರು ಅಷ್ಟೆ. ದಿನಾ 15 ನಿಮಿಷ ಶಾಖದ ಮೆಷಿನ್, 10 ನಿಮಿಷ ಕರೆಂಟು, ಕೊನೆಗೆ ಐದು ನಿಮಿಷ ಕೈಯಲ್ಲಿ ಕತ್ತು ಒತ್ತಿ ತಿರುಗಿಸೋದು. ಎಲ್ಲರಿಗೂ ಅದೇ. ಆರನೇ ದಿನ ಆದ್ಮೇಲೆ ಎಡಗೈ ಹೆಬ್ಬೆರಳಲ್ಲಿ ಜುಮ್ ಅನ್ನೋಕೆ ಶುರುವಾಯ್ತು, ಹೇಳಿದೆ, "ರಕ್ತ ಓಡ್ತಿದೆ, ಒಳ್ಳೇದು" ಅಂದ್ರು. ದುಡ್ಡು ಕಟ್ಟಿದ್ದೀನಲ್ಲ ಅಂತ ಹನ್ನೆರಡೂ ಮುಗಿಸಿದೆ. ಅದೇ ನಾನು ಮಾಡಿದ ದೊಡ್ಡ ತಪ್ಪು. ಯಾರಾದ್ರೂ ಪ್ಯಾಕೇಜ್ ಅಂದ್ರೆ, ಮೂರು ಸಲಕ್ಕೆ ಕಟ್ತೀನಿ, ನೋಡಿ ಮುಂದುವರಿಸ್ತೀನಿ ಅಂತ ಹೇಳಿ, ಒಪ್ಪದಿದ್ರೆ ಎದ್ದು ಬನ್ನಿ.

ಜುಲೈಲಿ ಮತ್ತೆ ಮೂಳೆ ಡಾಕ್ಟರ್. ಎಂಆರ್‌ಐ ಮಾಡಿಸಿ ಅಂದ್ರು, 6,500. ನಮ್ಮ ಹೆಲ್ತ್ ಪಾಲಿಸಿಲಿ ಅಡ್ಮಿಟ್ ಆಗದೆ ಮಾಡಿಸೋದು ಯಾವುದೂ ಬರಲ್ಲ ಅಂತ ಅವತ್ತು ಗೊತ್ತಾಯ್ತು, ಎಲ್ಲಾ ಕೈಯಿಂದಲೇ. ರಿಪೋರ್ಟಲ್ಲಿ ಸಿ5-ಸಿ6 ಹತ್ರ, ಅಂದ್ರೆ ಕತ್ತಿನ ಐದನೇ ಆರನೇ ಮೂಳೆ ನಡುವೆ, ಡಿಸ್ಕ್ (ಮೂಳೆಗಳ ಮಧ್ಯದ ಮೆತ್ತೆ) ಸ್ವಲ್ಪ ಉಬ್ಬಿದೆ, ಬೆನ್ನುಹುರಿ ಒತ್ತಿಲ್ಲ ಅಂತಿತ್ತು. ಡಾಕ್ಟರ್ "ಆಪರೇಷನ್ ಗಿಪರೇಷನ್ ಏನೂ ಬೇಡ, ಸರಿಯಾಗಿ ಫಿಸಿಯೋ ಮಾಡಿಸಿ" ಅಂದ್ರು. ನನಗೆ ಫಿಸಿಯೋ ಅನ್ನೋ ಹೆಸರು ಕೇಳಿದ್ರೇ ಹೆದರಿಕೆ. ಎರಡು ತಿಂಗಳು ಏನೂ ಮಾಡದೆ ಕೂತೆ. ರಾತ್ರಿ ಎರಡಕ್ಕೆ ಎಚ್ಚರ ಆಗೋದು, ಕೈ ಎಲ್ಲಿಟ್ಟು ಮಲಗಬೇಕು ಗೊತ್ತಾಗ್ತಿರಲಿಲ್ಲ, ನಮ್ಮನೆಯವರು ಎದ್ದು ಕೂತು ಸುಮ್ನೆ ಭುಜ ಹಿಡ್ಕೊಂಡಿರೋರು.

ಕೊನೆಗೆ ನಮ್ಮ ಅಂಗಡಿಗೆ ಪ್ರಬಂಧ ಕೊಡೋಕೆ ಬಂದ ಒಬ್ಬ ಹುಡುಗಿ ಒಂದು ಟ್ರಸ್ಟ್ ಆಸ್ಪತ್ರೆಯ ಫಿಸಿಯೋ ವಿಭಾಗದ ಬಗ್ಗೆ ಹೇಳಿದ್ಲು. ಅಲ್ಲಿ ಹೊಸಬರಿಗೆ 11 ದಿನ ಕಾಯಬೇಕು, ಯಾಕಂದ್ರೆ ಹೊಸ ಪೇಶೆಂಟ್ ಅಂದ್ರೆ ಅವರು ಪೂರ್ತಿ ಒಂದು ಗಂಟೆ ಇಟ್ಟಿರ್ತಾರೆ. ಚೀಟಿ 100, ಆಮೇಲೆ ಒಂದೊಂದು ಸಲಕ್ಕೆ 250. ಹೋಗೋವಾಗ ಡಾಕ್ಟರ್ ಬರೆದ ಪತ್ರ, ಎಂಆರ್‌ಐ ರಿಪೋರ್ಟು, ಈಗ ತಗೊಳ್ತಿರೋ ಎಲ್ಲಾ ಮಾತ್ರೆ ಹೆಸರು ಬೇಕು. ನಾನು ಎಂಆರ್‌ಐ ಫಿಲಂ ತಗೊಂಡು ರಿಪೋರ್ಟ್ ಹಾಳೆನ ಮನೇಲೇ ಬಿಟ್ಟಿದ್ದೆ, ಆಟೋದಲ್ಲಿ ವಾಪಸ್ ಹೋಗಿ ತರಬೇಕಾಯ್ತು. ಮಾತ್ರೆ ಪಟ್ಟಿ ಮರೀಬೇಡಿ, ಸ್ಟಿರಾಯ್ಡ್, ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ ಅದು ಗೊತ್ತಾಗದೆ ಅವರು ಕೈ ಹಾಕಲ್ಲ.

ಅಲ್ಲಿದ್ದ ಮೇಡಂ ಮೊದಲ ಅರ್ಧ ಗಂಟೆ ನನ್ನ ಕತ್ತು ಮುಟ್ಟಲೇ ಇಲ್ಲ. ಬಿಪಿ ನೋಡಿದ್ರು. ತಲೆ ತಿರುಗುತ್ತಾ, ಎರಡೆರಡು ಕಾಣುತ್ತಾ, ಮಾತು ತೊದಲುತ್ತಾ, ನುಂಗೋಕೆ ಕಷ್ಟನಾ, ಮುಖ ಮರಗಟ್ಟುತ್ತಾ, ಇದ್ದಕ್ಕಿದ್ದ ಹಾಗೆ ಕುಸಿದು ಬಿದ್ದಿದ್ದೀರಾ ಅಂತ ಒಂದೊಂದಾಗಿ ಕೇಳಿದ್ರು. ಕತ್ತಿನ ಒಳಗೆ ಮೆದುಳಿಗೆ ಹೋಗೋ ರಕ್ತನಾಳ ಇರುತ್ತೆ, ಅದರ ಗೋಡೆ ಸೀಳಿರೋ ಅನುಮಾನ ಇದ್ರೆ ಕತ್ತಿಗೆ ಕೈ ಹಾಕಬಾರದು, ನೇರ ಆಸ್ಪತ್ರೆಗೆ ಕಳಿಸಬೇಕು ಅಂದ್ರು. ಬ್ಲೌಸ್ ಗುಂಡಿ ಹಾಕೋಕೆ ತಡವರಿಸ್ತೀರಾ, ನಡೆಯುವಾಗ ತೂರಾಡಿದ ಹಾಗಾಗುತ್ತಾ, ಮೂತ್ರ ಹಿಡಿತ ತಪ್ಪುತ್ತಾ ಅಂತ ಬೇರೆ ಕೇಳಿದ್ರು, ಅದು ಬೆನ್ನುಹುರಿ ಒತ್ತಿದ್ರೆ ಆಗೋದು. (ಕಟಿಂಗ್ ಶಾಪಲ್ಲಿ ಕೊನೆಗೆ ತಲೆ ಹಿಡಿದು ಎರಡೂ ಕಡೆ ಲಟಕ್ ಅನ್ಸಿಸ್ಕೊಳ್ಳೋ ಗಂಡಸರು ದಯವಿಟ್ಟು ಅದನ್ನ ಬಿಡಿ. ನಮ್ಮನೆಯವರಿಗೆ ಆವತ್ತೇ ಹೇಳಿ ನಿಲ್ಲಿಸಿದೆ.)

ಆಮೇಲೆ ಎರಡು ಹಾಳೆ ಕೊಟ್ಟು ತುಂಬಿ ಅಂದ್ರು. ಜೆರಾಕ್ಸಿನ ಜೆರಾಕ್ಸ್ ಮಾಡಿ ಅಕ್ಷರ ಎಲ್ಲಾ ಮಾಸಿ ಹೋಗಿತ್ತು, ಎರಡು ಸಾಲು ಓದೋಕೇ ಆಗಲಿಲ್ಲ. ಒಂದು ಕತ್ತು ನೋವಿನಿಂದ ದಿನದ ಕೆಲಸಕ್ಕೆ ಎಷ್ಟು ತೊಂದರೆ ಅಂತ ಅಳೆಯೋದು, ಓದೋದು, ಮಲಗೋದು, ಭಾರ ಎತ್ತೋದು, ಗಾಡಿ ಓಡಿಸೋದು ಹೀಗೆ 10 ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ಐದು, ಒಟ್ಟು 50. ಇದು 1991ರಿಂದ ಬಳಕೇಲಿದೆಯಂತೆ. ನನಗೆ 21 ಬಂತು. ಇನ್ನೊಂದು ಹಾಳೆ ಭಯದ್ದು. ಓಡಾಡಿದ್ರೆ, ಕೆಲಸ ಮಾಡಿದ್ರೆ ನೋವು ಜಾಸ್ತಿ ಆಗುತ್ತೆ, ಏನೋ ಕೆಟ್ಟುಹೋಗುತ್ತೆ ಅಂತ ಎಷ್ಟು ಅನ್ಸುತ್ತೆ ಅನ್ನೋದು. ಅದರಲ್ಲಿ 24ಕ್ಕೆ 17. ಮೇಡಂ ಆ ಸಂಖ್ಯೆ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು "ಯಾರಾದ್ರೂ ನಿಮಗೆ ಮೂಳೆ ಸವೆದಿದೆ ಅಂದಿದ್ರಾ?" ಅಂತ ಕೇಳಿದ್ರು. ನನಗೆ ಕಣ್ಣಲ್ಲಿ ನೀರು ಬಂತು.

ಆವಾಗ ಹೇಳಿದ್ರು, ಜಪಾನಿನಲ್ಲಿ ಕತ್ತು ನೋವೇ ಇಲ್ಲದ 1,211 ಜನಕ್ಕೆ ಎಂಆರ್‌ಐ ಮಾಡಿ ನೋಡಿದ್ರಂತೆ, 2015ರಲ್ಲಿ ಅದು ಪ್ರಕಟ ಆಗಿದೆ, ಅವರಲ್ಲಿ ನೂರಕ್ಕೆ 87ಕ್ಕಿಂತ ಹೆಚ್ಚು ಜನಕ್ಕೆ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ನಾಲ್ಕರಲ್ಲಿ ಮೂರು ಜನಕ್ಕೆ ಹತ್ತಿರ. ಅಂದ್ರೆ ಫೋಟೋದಲ್ಲಿ ಉಬ್ಬು ಕಂಡಿದೆ ಅಂತ ಅದರಿಂದಲೇ ನೋವು ಅಂತ ಹೇಳೋಕಾಗಲ್ಲ, ಕೈಚಿಕಿತ್ಸೆ ಹಿಡಿಯುತ್ತೋ ಇಲ್ವೋ ಅಂತ ಅದನ್ನ ನೋಡಿ ಹೇಳೋಕೂ ಆಗಲ್ಲ. 6,500 ಕೊಟ್ಟು ತೆಗೆಸಿದ ಫಿಲಮ್ಮಿನಿಂದ ಬೆನ್ನುಹುರಿ ಒತ್ತಿಲ್ಲ ಅನ್ನೋ ಸಮಾಧಾನ ಸಿಕ್ತು, ಅದು ಬೇಕಾಗಿತ್ತು.

ನಾನು ಆವಾಗ ಬಾಯಿಬಿಟ್ಟು ಕೇಳೇಬಿಟ್ಟೆ, ನಮ್ಮ ಅತ್ತಿಗೆಗೆ ಎರಡೇ ಸಲಕ್ಕೆ ಹೋಯ್ತಲ್ಲ ಮೇಡಂ, ನನಗೆ ಯಾಕಿಲ್ಲ, ಮೊದಲೇ ಗೊತ್ತಾಗಲ್ವಾ ಯಾರಿಗೆ ಹಿಡಿಯುತ್ತೆ ಅಂತ. ಅವರು ಕುರ್ಚಿ ಹತ್ರ ಎಳ್ಕೊಂಡು ಕೂತು ಹೇಳಿದ್ದು ನನಗೆ ಇಡೀ ಒಂದೂವರೆ ವರ್ಷದಲ್ಲಿ ಸಿಕ್ಕ ಅತ್ಯಂತ ಉಪಯೋಗದ ಮಾತು.

2007ರಲ್ಲಿ ಅಮೆರಿಕದಲ್ಲಿ ಕ್ಲೆಲ್ಯಾಂಡ್ ಅನ್ನೋರು ಮತ್ತೆ ಅವರ ಜೊತೆಯವರು ಇದನ್ನೇ ಹುಡುಕಿದ್ರು. ಕತ್ತು ನೋವಿರೋ 78 ಜನಕ್ಕೆ ಬೆನ್ನಿನ ಮೇಲ್ಭಾಗಕ್ಕೆ ಆ ಟಕ್ ಅನ್ಸೋ ಚಿಕಿತ್ಸೆ ಕೊಟ್ಟು ಯಾರಿಗೆ ಚೆನ್ನಾಗಿ ಹಿಡೀತು ನೋಡಿದ್ರು. 42 ಜನಕ್ಕೆ ಹಿಡೀತು, ನೂರಕ್ಕೆ 54. ಅವರಲ್ಲಿ ಏನು ಬೇರೆ ಇತ್ತು ಅಂತ ಆರು ಲಕ್ಷಣ ಪಟ್ಟಿ ಮಾಡಿದ್ರು: ನೋವು ಶುರುವಾಗಿ 30 ದಿನ ಆಗಿರಬಾರದು, ಭುಜದಿಂದ ಕೆಳಕ್ಕೆ ಏನೂ ಇಳಿಯಬಾರದು, ಮೇಲಕ್ಕೆ ನೋಡಿದ್ರೆ ನೋವು ಜಾಸ್ತಿ ಆಗಬಾರದು, ಭಯದ ಹಾಳೆಲಿ 12ಕ್ಕಿಂತ ಕಮ್ಮಿ ಇರಬೇಕು, ಬೆನ್ನಿನ ಮೇಲಿನ ಬಾಗು ಸ್ವಲ್ಪ ಚಪ್ಪಟೆ ಇರಬೇಕು, ಕತ್ತು ಹಿಂದಕ್ಕೆ 30 ಡಿಗ್ರಿಗಿಂತ ಕಮ್ಮಿ ಬಾಗಬೇಕು. ಆರಲ್ಲಿ ಮೂರು ಕೂಡಿದ್ರೆ ಗುಣ ಆಗೋ ಸಂಭವ 54ರಿಂದ 86ಕ್ಕೆ ಏರ್ತಿತ್ತು. ನಮ್ಮ ಅತ್ತಿಗೆ ವಿಷಯ ಹೇಳಿದೆ, ಮೂರು ವಾರದ ನೋವು, ಕೈಗೆ ಇಳಿದಿರಲಿಲ್ಲ, ಮೇಲೆ ನೋಡೋಕೆ ತೊಂದರೆ ಇರಲಿಲ್ಲ, ಹೆದರೋ ಜೀವ ಅಲ್ಲ. ಕೇಳಿದಷ್ಟರಲ್ಲೇ ನಾಲ್ಕು ಕೂಡಿಬಿಡ್ತು. ನನಗೆ ಕೂಡಿದ್ದು ಒಂದು, ಕತ್ತು ಹಿಂದಕ್ಕೆ ಬಾಗದೇ ಇದ್ದಿದ್ದು.

ನನ್ನ ಮುಖ ಬಾಡಿದ್ದು ನೋಡಿ ಮೇಡಂ ತಕ್ಷಣ ಹೇಳಿದ್ರು, "ಇದನ್ನ ಜಾತಕ ಕೂಡಿಸಿದ ಹಾಗೆ ಕೂಡಿಸಬೇಡಿ." ಯಾಕಂದ್ರೆ ಆ ಅಧ್ಯಯನದಲ್ಲಿ ಎಲ್ಲರಿಗೂ ಅದೇ ಚಿಕಿತ್ಸೆ ಕೊಟ್ಟಿದ್ರು, ಹೋಲಿಸೋಕೆ ಬೇರೆ ಗುಂಪೇ ಇರಲಿಲ್ಲ. ಹೊಸ ನೋವು, ಕೈಗೆ ಇಳಿಯದ ನೋವು, ಭಯ ಇಲ್ಲದ ಮನುಷ್ಯ, ಇವೆಲ್ಲ ಹೇಗಿದ್ರೂ ಬೇಗ ವಾಸಿ ಆಗೋವೇ. ಹಾಗಾದ್ರೆ ಆ ಪಟ್ಟಿ ಕೈಚಿಕಿತ್ಸೆ ಯಾರಿಗೆ ಹಿಡಿಯುತ್ತೆ ಅಂತ ಹೇಳ್ತಿದೆಯೋ, ಯಾರು ತಾನಾಗೇ ವಾಸಿ ಆಗ್ತಾರೆ ಅಂತ ಹೇಳ್ತಿದೆಯೋ? ಅದನ್ನ ತಿಳ್ಕೊಳ್ಳೋಕೆ ಅದೇ ತಂಡದವರು 2010ರಲ್ಲಿ 140 ಜನರನ್ನ ಎರಡು ಗುಂಪು ಮಾಡಿ, ಒಂದಕ್ಕೆ ಬರೀ ವ್ಯಾಯಾಮ, ಇನ್ನೊಂದಕ್ಕೆ ಕೈಚಿಕಿತ್ಸೆ ಜೊತೆಗೆ ವ್ಯಾಯಾಮ ಕೊಟ್ಟು ಮತ್ತೆ ಪರೀಕ್ಷೆ ಮಾಡಿದ್ರು. ಪಟ್ಟಿ ನಿಲ್ಲಲಿಲ್ಲ. ಎರಡೂ ಸೇರಿಸಿ ಮಾಡಿಸ್ಕೊಂಡವರು ಪಟ್ಟಿಗೆ ಹೊಂದಲಿ ಬಿಡಲಿ ಇನ್ನೊಂದು ಗುಂಪಿಗಿಂತ ಚೆನ್ನಾಗಿದ್ರು. ತಮ್ಮದೇ ಪಟ್ಟಿನ ತಾವೇ ಪರೀಕ್ಷೆಗೆ ಇಟ್ಟು, ನಿಲ್ಲಲಿಲ್ಲ ಅಂತ ತಾವೇ ಬರೆದ್ರಲ್ಲ, ಅದು ಕೇಳಿ ನನಗೆ ಅವರ ಮೇಲೆ ಗೌರವ ಬಂತು.

ಕತ್ತಿಗೇ ಮಾಡೋ ಟಕ್ ಚಿಕಿತ್ಸೆಗೂ 2012ರಲ್ಲಿ ಇಂಥದೇ ಇನ್ನೊಂದು ಪಟ್ಟಿ ಬಂದಿದೆ, ಅದರಲ್ಲಿ ನಾಲ್ಕು ಲಕ್ಷಣ, ನೋವು 38 ದಿನದೊಳಗಿನದು, ಎಡಬಲಕ್ಕೆ ತಿರುಗೋದರಲ್ಲಿ 10 ಡಿಗ್ರಿ ಅಥವಾ ಹೆಚ್ಚು ವ್ಯತ್ಯಾಸ, ಕತ್ತಿನ ನಡುಭಾಗ ಹಿಂದಿನಿಂದ ಒತ್ತಿದ್ರೆ ನೋವು, ಮತ್ತೆ "ಇದರಿಂದ ವಾಸಿ ಆಗುತ್ತೆ" ಅನ್ನೋ ನಂಬಿಕೆ. ನಂಬಿಕೆನೂ ಲೆಕ್ಕಕ್ಕೆ ಬರುತ್ತೆ ಅಂತ ಕೇಳಿ ಆಶ್ಚರ್ಯ ಆಯ್ತು. ನನ್ನ ನಂಬಿಕೆ ಆ 12 ಸಿಟ್ಟಿಂಗಲ್ಲೇ ಮುಗಿದುಹೋಗಿತ್ತು. ಇನ್ನೊಂದು ಗಮನಿಸಿ, ಎರಡೂ ಪಟ್ಟಿ ಹೊಸ ನೋವಿನ ಕಡೆಗೇ ವಾಲುತ್ತೆ. ಮೂರು ತಿಂಗಳು ದಾಟಿದ ನೋವನ್ನ ದೀರ್ಘಕಾಲದ್ದು ಅಂತಾರೆ, ನನ್ನದು 14 ತಿಂಗಳು.

ಹಾಗಾದ್ರೆ ನಮ್ಮಂಥವರಿಗೆ ದಾರಿ ಏನು ಅಂದ್ರೆ, ಅಳೆದು ನೋಡೋದು. ಮೇಡಂ ಒಂದು ಸಣ್ಣ ಸ್ಕೇಲಿನಂಥ ಸಾಧನ ಇಟ್ಟು ಅಳೆದ್ರು, ಬಲಕ್ಕೆ 70 ಡಿಗ್ರಿ ತಿರುಗ್ತಿತ್ತು, ಎಡಕ್ಕೆ 48. ತಲೆನ ಎಡಕ್ಕೆ ವಾಲಿಸಿ ಮೇಲಿಂದ ಮೆಲ್ಲಗೆ ಒತ್ತಿದ್ರು, ಹೆಬ್ಬೆರಳಿಗೆ ಜುಮ್ ಅಂತು. ಮಲಗಿಸಿ ತಲೆನ ಎರಡೂ ಕೈಯಲ್ಲಿ ಹಿಡಿದು ಹಗುರಾಗಿ ಎಳೆದ್ರು, ಆ ಜುಮ್ ಹೋಯ್ತು. ತೋಳು ಚಾಚಿಸಿ ನರ ಬಿಗಿಯಾಗೋ ಹಾಗೆ ಮಾಡಿ ನೋಡಿದ್ರು. ನರಕ್ಕೆ ಸ್ವಲ್ಪ ಕಿರಿಕಿರಿ ಆಗಿದೆ, ಕೈಯ ಶಕ್ತಿ ಹೋಗಿಲ್ಲ, ಹಾಗಾಗಿ ಕತ್ತಿಗೆ ಟಕ್ ಅನ್ಸೋದು ನಿಮಗೆ ಮಾಡಲ್ಲ, ನಿಧಾನವಾಗಿ ಆಡಿಸೋದು ಮತ್ತೆ ಬೆನ್ನಿನ ಮೇಲ್ಭಾಗ ಮಾತ್ರ, ಮೂರು ಸಲ ಮಾಡೋಣ, ಪ್ರತಿ ಸಲ ಮುಂಚೆ ಅಳೆಯೋಣ, ಆದ್ಮೇಲೆ ಅಳೆಯೋಣ, ಮುಂದಿನ ಸಲ ಬಂದಾಗ ಮತ್ತೆ ಅಳೆಯೋಣ, ಉಳ್ಕೊಂಡಿದ್ರೆ ಮುಂದುವರಿಸೋಣ, ಇಲ್ದಿದ್ರೆ ನಿಮ್ಮ ದುಡ್ಡು ಹಾಳು ಮಾಡಲ್ಲ ಅಂದ್ರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋ ಮುಂಚೆ ಪ್ರತಿ ಸಾಲೂ ಓದಿ ಹೇಳಿದ್ರು.

ಮೊದಲ ಸಲ ಆದ್ಮೇಲೆ ಎಡಕ್ಕೆ 57 ತಿರುಗಿತು. ಎರಡನೇ ಸಲ ಹೋದಾಗ 51. ಆ ಎರಡನೇ ಸಲ ಆದ್ಮೇಲೆ ಒಂದು ಇಡೀ ದಿನ ನೋವು ಕೆದರಿತು, ಮತ್ತೆ ಅದೇ ಕಥೆ ಶುರುವಾಯ್ತು ಅಂತ ನಡುಗಿ ಫೋನ್ ಮಾಡಿದೆ, ಮರುದಿನಕ್ಕೆ ಇಳಿದ್ರೆ ಚಿಂತೆ ಇಲ್ಲ, ಜುಮ್ ಅನ್ನೋದು ಮೊಣಕೈಯಿಂದ ಕೆಳಗೆ ಜಾಸ್ತಿ ಆದ್ರೆ, ಕೈ ಹಿಡಿತ ಸಡಿಲ ಆದ್ರೆ ಕೂಡ್ಲೇ ಬನ್ನಿ ಅಂದ್ರು. ಇಳೀತು. ಮೂರನೇ ಸಲ ಹೋದಾಗ ಮುಂಚೆಯೇ 54 ಇತ್ತು. ಆ 54 ನೋಡಿದಾಗ ನನಗಾದ ಸಂತೋಷ ಬಹಳ. ಜೀವನದಲ್ಲಿ ಮೊದಲ ಸಲ ನನ್ನ ಕತ್ತಿನ ಬಗ್ಗೆ ಯಾರೋ ಊಹೆ ಬಿಟ್ಟು ಲೆಕ್ಕ ತೋರಿಸಿದ್ರು.

ಆದ್ರೆ ಕೈಚಿಕಿತ್ಸೆ ಅರ್ಧ ಮಾತ್ರ. ಆಡಿಸಿ ಬಿಡಿಸಿದ ಕತ್ತನ್ನ ಹಿಡಿದಿಡೋ ಸ್ನಾಯು ನನಗೆ ಇರಲೇ ಇಲ್ಲ. ಅದಕ್ಕೊಂದು ವ್ಯಾಯಾಮ, ಬಿಪಿ ನೋಡೋ ಥರದ ಗಾಳಿ ಚೀಲ, ಅದನ್ನ ಕತ್ತಿನ ಕೆಳಗಿಟ್ಟು ಅಂಗಾತ ಮಲಗಬೇಕು, ಕೈಯಲ್ಲಿ ಒಂದು ಮುಳ್ಳಿನ ಡಯಲ್. ಮುಳ್ಳು 20ರಲ್ಲಿರುತ್ತೆ. ಹೌದು ಅನ್ನೋ ಹಾಗೆ ಗದ್ದನ ಒಂದು ಕೂದಲೆಳೆಯಷ್ಟು ಒಳಗೆ ಎಳೆದು ಮುಳ್ಳನ್ನ 22ಕ್ಕೆ ತಂದು ಹತ್ತು ಎಣಿಸೋವರೆಗೂ ಅಲ್ಲಾಡದ ಹಾಗೆ ಹಿಡೀಬೇಕು. ಮೊದಲ ದಿನ ಮುಳ್ಳು 22ಕ್ಕೆ ಬಂದು ನಡುಗಿ ನಡುಗಿ ಕೆಳಗಿಳಿಯೋದು, ಕತ್ತಿನ ಮುಂದಿನ ಸ್ನಾಯುಗಳು ಎದ್ದು ನಿಲ್ಲೋವು, ಮೇಡಂ ಬೆರಳಲ್ಲಿ ಅದನ್ನ ಮುಟ್ಟಿ "ಇದು ಬೇಡ, ಒಳಗಿನದು ಬೇಕು" ಅನ್ನೋರು. ಆರನೇ ವಾರಕ್ಕೆ 28 ಹಿಡಿದೆ. ಮನೇಲಿ ಟವಲ್ ಮಡಿಸಿಟ್ಟು ಬೆಳಿಗ್ಗೆ ಹತ್ತು, ರಾತ್ರಿ ಹತ್ತು. ಇದನ್ನ ಮಾಡದೆ ಬರೀ ಒತ್ತಿಸ್ಕೊಳ್ಳೋಕೆ ಹೋಗ್ತೀನಿ ಅನ್ನೋರಿಗೆ ನಾನು ಬೇಡ ಅಂತಲೇ ಹೇಳ್ತೀನಿ.

ಇನ್ನೊಂದು, ನನ್ನ ಹಾಳೆ ಇಡೋ ಜಾಗ. ನಿಮ್ಮ ಕೆಲಸದ ಮೇಜಿನ ಫೋಟೋ ತನ್ನಿ ಅಂದಿದ್ರು, ನೋಡಿದ ತಕ್ಷಣ ಎಡಗಡೆ ಬೆರಳಿಟ್ಟು ತೋರಿಸಿದ್ರು. ನಮ್ಮ ಬೀದಿ ಬಡಗಿ ಹತ್ರ 350 ಕೊಟ್ಟು ಪರದೆ ಕೆಳಗೇ, ನೇರ ಎದುರಿಗೆ ಹಾಳೆ ನಿಲ್ಲಿಸೋ ಮರದ ಸ್ಟ್ಯಾಂಡ್ ಮಾಡಿಸಿದೆ. 19 ವರ್ಷ ಹೊಳೆದಿರಲಿಲ್ಲ.

ಖರ್ಚು ಕೇಳೋರಿಗೆ: ಅಲ್ಲಿಗೆ ಹೋಗೋ ಮುಂಚೆ ಡಾಕ್ಟರ್, ಮಾತ್ರೆ, ಎಕ್ಸ್‌ರೇ, ಬೆಲ್ಟ್, ಎಂಆರ್‌ಐ, ಪ್ಯಾಕೇಜ್ ಎಲ್ಲಾ ಸೇರಿ 16,630. ಅಲ್ಲಿ ಹೋದ್ಮೇಲೆ ಚೀಟಿ, ಹತ್ತು ಸಲದ ಫೀಸು, ಸ್ಟ್ಯಾಂಡ್ ಸೇರಿ 2,950. ಆಟೋ ಬೇರೆ. ಮೊದಲು ವಾರಕ್ಕೆ ಎರಡು ಸಲ, ಆಮೇಲೆ ವಾರಕ್ಕೊಂದು.

ಜನವರಿಲಿ ಹತ್ತನೇ ಸಲ ಹೋದಾಗ ಎಡಕ್ಕೆ 64, ಆ 50ರ ಹಾಳೆಲಿ 21 ಇದ್ದದ್ದು 9. ಐದಾರು ಇಳಿದ್ರೆ ಮಾತ್ರ ನಿಜವಾದ ಬದಲಾವಣೆ ಅಂತ ಲೆಕ್ಕಕ್ಕೆ ತಗೊಳ್ತೀವಿ ಅಂತ ಮೇಡಂ ಮೊದಲೇ ಹೇಳಿದ್ರು, ನನ್ನದು 12 ಇಳಿದಿದೆ. ಕೈಯಿಂದ ಆಯ್ತಾ, ವ್ಯಾಯಾಮದಿಂದ ಆಯ್ತಾ, ಸ್ಟ್ಯಾಂಡಿಂದ ಆಯ್ತಾ, ಭಯ ಹೋಗಿದ್ದರಿಂದ ಆಯ್ತಾ ಅಂತ ಕೇಳಿದೆ. ಬಿಡಿಸಿ ಹೇಳೋಕಾಗಲ್ಲ ಅಂದ್ರು, ಹಾಗೆ ನೇರವಾಗಿ ಹೇಳಿದ್ದು ನನಗೆ ಇಷ್ಟ ಆಯ್ತು. ಹೆಬ್ಬೆರಳು ಈಗಲೂ ವಾರಕ್ಕೊಂದು ಸಲ ಜುಮ್ ಅನ್ನುತ್ತೆ. ಸ್ಕೂಟಿ ಓಡಿಸುವಾಗ ಎಡಕ್ಕೆ ತಿರುಗಿ ನೋಡ್ತೀನಿ, ಮೈ ತಿರುಗಿಸಲ್ಲ.

ಬರೋವಾಗ ಆ ಮಾಸಿದ ಎರಡು ಹಾಳೆ ಕೇಳಿ ಇಸ್ಕೊಂಡು ಬಂದೆ. ಓದೋಕಾಗದ ಸಾಲುಗಳನ್ನ ಮೇಡಂ ಪೆನ್ಸಿಲಲ್ಲಿ ಬರೆದುಕೊಟ್ರು. ಮೊನ್ನೆ ಭಾನುವಾರ ಅಂಗಡಿ ಬಾಗಿಲು ಅರ್ಧ ಹಾಕ್ಕೊಂಡು, ಹಾಳೆನ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ದೊಡ್ಡ ಅಕ್ಷರದಲ್ಲಿ, ವಯಸ್ಸಾದವರಿಗೂ ಕಾಣೋ ಹಾಗೆ ಹೊಸದಾಗಿ ಟೈಪ್ ಮಾಡಿದೆ. ನಲವತ್ತು ನಿಮಿಷ ಹಿಡೀತು, ನಡುವೆ ಒಂದು ಸಲ ಎದ್ದು ಓಡಾಡಿ ಬಂದೆ. ಐವತ್ತು ಪ್ರತಿ ತೆಗೆದಿಟ್ಟಿದ್ದೀನಿ, ಬುಧವಾರ ಕೊಟ್ಟು ಬರ್ತೀನಿ.